ಹತ್ತಿಯ ಬೇರಿಗೆ ಟ್ರೈಕೋಡರ್ಮಾ ಪುಡಿ: ಮೂರು ಹಂಗಾಮಿನ ಬಳಕೆಯ ನಂತರದ ವಿಮರ್ಶೆ

ಹತ್ತಿಯ ಬೇರು ಕೊಳೆ ಮತ್ತು ಸೊರಗು ರೋಗಗಳಿಗೆಂದು ಮಾರಾಟವಾಗುವ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿಯನ್ನು ನಾನು ಸತತ ಮೂರು ಹಂಗಾಮು ಬಳಸಿದ್ದೇನೆ. ಮೊದಲ ವರ್ಷ ಅದರಿಂದ ಕಿಂಚಿತ್ತೂ ಪ್ರಯೋಜನ ಕಾಣಲಿಲ್ಲ, ಎರಡನೆಯ ವರ್ಷ ಕಣ್ಣಿಗೆ ಕಾಣುವಷ್ಟು ಗುಣ ಕಂಡಿತು, ಮೂರನೆಯ ವರ್ಷ ಆ ಗುಣದ ಎಷ್ಟು ಪಾಲು ನಿಜಕ್ಕೂ ಪುಡಿಯದು ಎಂಬ ಸಂದೇಹ ಹುಟ್ಟಿತು. ಹೊಲ ಅದೇ, ಬಳಸಿದವನೂ ಅದೇ ವ್ಯಕ್ತಿ, ಪೊಟ್ಟಣದ ಮೇಲಿನ ಹೆಸರೂ ಅದೇ. ಆದರೂ ಫಲ ಮೂರು ಬಗೆಯದು. ಏಕೆ ಹೀಗಾಯಿತೆಂದು ವಿವರಿಸುವುದೇ ಈ ಬರಹದ ಉದ್ದೇಶ. ಯಾವ ಕಂಪನಿಯ ಪುಡಿ ಎಂಬುದನ್ನು ಹೇಳುವುದಿಲ್ಲ, ಏಕೆಂದರೆ ಮುಂದೆ ಬರುವ ಒಂದು ದೂರು ಯಾವ ಕಂಪನಿಯ ಪೊಟ್ಟಣಕ್ಕಾದರೂ ಅನ್ವಯಿಸಬಹುದಾದದ್ದು.

ಒಂದು ಕಿಲೋ ಪೊಟ್ಟಣವನ್ನು ಬಿಚ್ಚಿದಾಗ ಒಳಗಿರುವುದು ಬೂದು ಬೆರೆತ ತಿಳಿಹಸಿರು ಬಣ್ಣದ, ಬೆರಳ ಸಂದಿನಲ್ಲಿ ಜಾರುವಷ್ಟು ನುಣುಪಾದ ಪುಡಿ. ನುಣುಪು ಟಾಲ್ಕಿನದು, ಹಸಿರು ಶಿಲೀಂಧ್ರದ ಬೀಜಕಣಗಳದ್ದು. ಮೂಗಿಗೆ ಹಿಡಿದರೆ ಮಳೆ ನಿಂತ ಮೇಲೆ ಕೊಳೆತ ಎಲೆಗಳ ಕೆಳಗಿನಿಂದ ಬರುವಂಥ ವಾಸನೆ ತೆಳುವಾಗಿ ಬರುತ್ತದೆ. ಪೊಟ್ಟಣದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಗ್ರಾಂಗೆ 2×10⁶ ಎಂದು ಅಚ್ಚಾಗಿರುತ್ತದೆ. ಅಂದರೆ ಒಂದು ಗ್ರಾಂ ಪುಡಿಯಲ್ಲಿ ಮೊಳೆತು ಬೆಳೆಯಬಲ್ಲ ಜೀವಕಣಗಳು ಕನಿಷ್ಠ ಇಪ್ಪತ್ತು ಲಕ್ಷ ಇರಬೇಕು. ನಾನು ಮೊದಲ ವರ್ಷ ಈ ಸಾಲನ್ನು ಓದಿದ್ದೆ, ಆದರೆ ಅದರ ಅರ್ಥ ತಲೆಗೆ ಹೋಗಿರಲಿಲ್ಲ. ರಾಸಾಯನಿಕ ಔಷಧದ ಪೊಟ್ಟಣದಲ್ಲಿರುವುದು ವಸ್ತು, ಈ ಪೊಟ್ಟಣದಲ್ಲಿರುವುದು ಜೀವ. ಬಿಸಿಲಿಗಿಟ್ಟರೆ, ತೇವ ತಾಗಿಸಿದರೆ, ವರ್ಷಗಟ್ಟಲೆ ಮೂಲೆಯಲ್ಲಿಟ್ಟರೆ ಅದು ಸಾಯುತ್ತದೆ, ಸತ್ತ ಮೇಲೂ ಪುಡಿಯ ಬಣ್ಣ ಮಾತ್ರ ಹೆಚ್ಚು ಬದಲಾಗುವುದಿಲ್ಲ.

ಈ ಶಿಲೀಂಧ್ರ ಮಾಡುವ ಕೆಲಸ ಹೊಸದಾಗಿ ಕಂಡುಹಿಡಿದದ್ದೇನಲ್ಲ. ಮಣ್ಣಿನಲ್ಲಿ ಸಹಜವಾಗಿಯೇ ಇರುವ ಟ್ರೈಕೋಡರ್ಮಾ ಇತರ ಶಿಲೀಂಧ್ರಗಳ ಎಳೆಗಳಿಗೆ ಸುತ್ತಿಕೊಂಡು ಅವನ್ನು ತಿಂದು ಬದುಕಬಲ್ಲದು ಎಂಬುದನ್ನು ರಿಚರ್ಡ್ ವೈಂಡ್ಲಿಂಗ್ ಎಂಬ ವಿಜ್ಞಾನಿ 1932ರಲ್ಲಿಯೇ ತೋರಿಸಿದ್ದರು. ಅವರು ಗಮನಿಸಿದ ಬಲಿಗಳಲ್ಲಿ ಒಂದು ಹತ್ತಿಯ ಸಸಿಗಳನ್ನೂ ಕೊಲ್ಲುವ ರೈಜೋಕ್ಟೋನಿಯಾ ಸೊಲಾನಿ ಎಂಬ ಶಿಲೀಂಧ್ರ. ಶತ್ರುವಿನ ಎಳೆಯನ್ನು ಹಗ್ಗದಂತೆ ಸುತ್ತಿ, ಅದರ ಗೋಡೆಯನ್ನು ಕರಗಿಸುವ ಕಿಣ್ವಗಳನ್ನು ಸುರಿಸಿ, ಒಳಗಿನದನ್ನು ಹೀರಿಕೊಳ್ಳುವುದು ಅದರ ಒಂದು ದಾರಿ. ಬೇರಿನ ಸುತ್ತಲಿನ ಜಾಗವನ್ನೂ ಆಹಾರವನ್ನೂ ಮೊದಲೇ ಆಕ್ರಮಿಸಿಕೊಂಡು ಶತ್ರುವಿಗೆ ನೆಲೆ ಸಿಗದಂತೆ ಮಾಡುವುದು ಇನ್ನೊಂದು ದಾರಿ, ಮತ್ತು ಹೊಲದ ಮಟ್ಟದಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಈ ಎರಡನೆಯದೇ. ಏಕೆಂದರೆ ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ಶತ್ರುವಿಗಿಂತ ಮೊದಲು ಹೋಗಿ ಕೂತರೆ ಮಾತ್ರ ಇದು ಕೆಲಸ ಮಾಡುತ್ತದೆ. ಬಾಡಿದ ಗಿಡದ ಬುಡಕ್ಕೆ ಸುರಿದರೆ ಆ ಗಿಡ ಏಳುವುದಿಲ್ಲ.

ಮೊದಲ ವರ್ಷ ನಾನು ಮಾಡಿದ್ದು ನಿಖರವಾಗಿ ಅದನ್ನೇ. ಬಿತ್ತನೆಯ ಸಮಯದಲ್ಲಿ ಕಿಲೋ ಬೀಜಕ್ಕೆ ಹತ್ತು ಗ್ರಾಂನಂತೆ ಪುಡಿಯನ್ನು ಬೀಜಕ್ಕೆ ಲೇಪಿಸಿದೆ, ಆದರೆ ಪ್ಯಾಕೆಟ್ಟಿನಲ್ಲಿ ಬಂದ ಹತ್ತಿ ಬೀಜಕ್ಕೆ ಶಿಲೀಂಧ್ರನಾಶಕ ಮತ್ತು ಕೀಟನಾಶಕಗಳ ಬಣ್ಣದ ಲೇಪ ಅದಾಗಲೇ ಇತ್ತು. ಶಿಲೀಂಧ್ರನಾಶಕದ ಮೇಲೆ ಶಿಲೀಂಧ್ರವನ್ನು ಲೇಪಿಸಿದೆ ಎಂಬ ವಿವೇಕ ಆ ಹೊತ್ತಿಗೆ ನನಗಿರಲಿಲ್ಲ. ಸಾಲದ್ದಕ್ಕೆ, ಹೂ ಬರುವ ಹೊತ್ತಿನಲ್ಲಿ ಅಲ್ಲಲ್ಲಿ ಗಿಡಗಳು ಒಣಗತೊಡಗಿದಾಗ ಗಾಬರಿಯಾಗಿ ಮೊದಲು ಕಾರ್ಬೆಂಡಾಜಿಮ್ ಎಂಬ ಶಿಲೀಂಧ್ರನಾಶಕದ ದ್ರಾವಣವನ್ನು ಬುಡಕ್ಕೆ ಹೊಯ್ದೆ, ವಾರ ಬಿಟ್ಟು ಉಳಿದ ಟ್ರೈಕೋಡರ್ಮಾವನ್ನೂ ನೀರಿಗೆ ಕಲಸಿ ಅದೇ ಬುಡಕ್ಕೆ ಹೊಯ್ದೆ. ಕಾರ್ಬೆಂಡಾಜಿಮ್ ಟ್ರೈಕೋಡರ್ಮಾಗೆ ವಿಷ, ಅದೂ ಬಹಳ ಕಡಿಮೆ ಪ್ರಮಾಣದಲ್ಲಿಯೇ, ಮತ್ತು ಮಣ್ಣಿನಲ್ಲಿ ವಾರದೊಳಗೆ ಕರಗಿಹೋಗುವ ವಸ್ತು ಅದಲ್ಲ. ಮೆಟಲಾಕ್ಸಿಲ್‌ನಂಥ ಕೆಲವು ಔಷಧಗಳನ್ನು ಟ್ರೈಕೋಡರ್ಮಾ ಸಹಿಸಿಕೊಳ್ಳುತ್ತದೆ, ಕಾರ್ಬೆಂಡಾಜಿಮ್ ವಿಷಯದಲ್ಲಿ ಆ ಮಾತಿಲ್ಲ. ನನ್ನ ಪೊಟ್ಟಣದ ಮೇಲೆ "ರಾಸಾಯನಿಕಗಳೊಂದಿಗೆ ಬೆರೆಸಬೇಡಿ" ಎಂಬ ಒಂದೇ ಸಾಲು ಇತ್ತು. ಯಾವ ರಾಸಾಯನಿಕ, ಎಷ್ಟು ದಿನದ ಅಂತರ, ಲೇಪವಿರುವ ಬೀಜಕ್ಕೆ ಏನು ಮಾಡಬೇಕು ಎಂಬುದಕ್ಕೆ ಅಲ್ಲಿ ಉತ್ತರವಿರಲಿಲ್ಲ. ಇದನ್ನು ನಾನು ಉತ್ಪನ್ನದ ದೋಷವೆಂದೇ ಎಣಿಸುತ್ತೇನೆ, ಏಕೆಂದರೆ ಇಂದು ಬಹುಪಾಲು ಹತ್ತಿ ಬೀಜ ಲೇಪವಿಲ್ಲದೆ ಬರುವುದೇ ಇಲ್ಲ, ಹಾಗಿರುವಾಗ ಬೀಜೋಪಚಾರದ ಸಲಹೆಯನ್ನು ಪೊಟ್ಟಣದ ಮೊದಲ ಸಾಲಿನಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕುವುದು ಬಳಕೆದಾರನ ದಾರಿ ತಪ್ಪಿಸುತ್ತದೆ.

ಪುಡಿಯ ಮೇಲೆ ತೀರ್ಪು ಕೊಡುವ ಮೊದಲು ಗಿಡ ಯಾವುದರಿಂದ ಸತ್ತಿತು ಎಂಬುದನ್ನು ತಿಳಿಯಬೇಕು. ಇದೇ ಇಡೀ ವಿಷಯದ ತಿರುಳು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹತ್ತಿ ಗಿಡ ಬಾಡುವುದನ್ನು ನಾವು ಒಟ್ಟಾರೆ "ಸೊರಗು" ಎಂದು ಕರೆದುಬಿಡುತ್ತೇವೆ, ಆದರೆ ಆ ಒಂದು ಪದದ ಕೆಳಗೆ ಕಡಿಮೆಯೆಂದರೂ ಐದಾರು ಬೇರೆ ಬೇರೆ ಕಾರಣಗಳು ಅಡಗಿರುತ್ತವೆ, ಮತ್ತು ಟ್ರೈಕೋಡರ್ಮಾ ಅವುಗಳಲ್ಲಿ ಕೆಲವಕ್ಕೆ ಮಾತ್ರ ಸಂಬಂಧಿಸಿದ್ದು. ನನಗೆ ಇದನ್ನು ಕಲಿಸಿದ್ದು ಜೇಬಿನ ಒಂದು ಚಾಕು ಮತ್ತು ಒಂದು ಬಕೆಟ್ ನೀರು.

ಬೇರು ಕೊಳೆ ರೋಗದಿಂದ ಸತ್ತ ಗಿಡವನ್ನು ಎಡಗೈಯಲ್ಲಿ ಹಿಡಿದು ಮೇಲೆಳೆದರೆ ಸಾಕು, ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಪಕ್ಕದ ಬೇರುಗಳೆಲ್ಲ ಕೊಳೆತು, ತಾಯಿಬೇರಿನ ಜೊತೆ ಒಂದೆರಡು ಎಳೆ ಮಾತ್ರ ಉಳಿದಿರುತ್ತವೆ. ತಾಯಿಬೇರಿನ ಸಿಪ್ಪೆ ನಾರುನಾರಾಗಿ ಬಿಚ್ಚಿಕೊಳ್ಳುತ್ತದೆ, ಸಿಪ್ಪೆಯ ಕೆಳಗೆ ಕಟ್ಟಿಗೆಯ ಮೇಲೆ ಇದ್ದಿಲ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು ಕಾಣುತ್ತವೆ. ಆ ಚುಕ್ಕೆಗಳೇ ರೈಜೋಕ್ಟೋನಿಯಾ ಬಟಾಟಿಕೋಲಾ, ಅಥವಾ ಈಗ ಹೆಚ್ಚಾಗಿ ಕರೆಯುವಂತೆ ಮ್ಯಾಕ್ರೋಫೋಮಿನಾ ಫ್ಯಾಸಿಯೋಲಿನಾ, ಎಂಬ ಶಿಲೀಂಧ್ರ ಕಷ್ಟಕಾಲಕ್ಕೆಂದು ಕಟ್ಟಿಕೊಂಡ ಗಟ್ಟಿ ಉಂಡೆಗಳು. ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿದು ಮುಂದಿನ ಬೆಳೆಗೆ ಕಾಯುತ್ತವೆ. ಈ ರೋಗ ಹೊಲದಲ್ಲಿ ತಟ್ಟೆಯಾಕಾರದ ತೇಪೆಗಳಾಗಿ ಹರಡುತ್ತದೆ, ಗಿಡದ ಎಲ್ಲ ಎಲೆಗಳೂ ಒಂದೆರಡು ದಿನದಲ್ಲಿ ಒಟ್ಟಿಗೆ ಜೋತುಬೀಳುತ್ತವೆ, ಮತ್ತು ಮಣ್ಣು ಕಾದು ಒಣಗಿದಷ್ಟೂ ಇದರ ಆರ್ಭಟ ಹೆಚ್ಚುತ್ತದೆ.

ಫ್ಯೂಸೇರಿಯಂ ಎಂಬ ಶಿಲೀಂಧ್ರ ತರುವ ಸೊರಗು ರೋಗದ ಗಿಡ ಹಾಗೆ ಸುಲಭವಾಗಿ ಕೈಗೆ ಬರುವುದಿಲ್ಲ. ಬೇರು ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಇರುತ್ತದೆ. ಎಲೆ ಅಂಚಿನಿಂದ ಹಳದಿಯಾಗಿ, ಕೆಳಗಿನಿಂದ ಮೇಲಕ್ಕೆ, ಕೆಲವೊಮ್ಮೆ ಗಿಡದ ಒಂದು ಪಕ್ಕದಲ್ಲಿ ಮಾತ್ರ, ಒಣಗುತ್ತಾ ಹೋಗುತ್ತದೆ. ಕಾಂಡದ ಬುಡವನ್ನು ಓರೆಯಾಗಿ ಕತ್ತರಿಸಿದರೆ ಸಿಪ್ಪೆಯ ಒಳಗೆ, ನೀರು ಸಾಗಿಸುವ ನಾಳಗಳಿರುವೆಡೆ, ಕಂದು ಬಣ್ಣದ ಉಂಗುರ ಸ್ಪಷ್ಟವಾಗಿ ಕಾಣುತ್ತದೆ. ವರ್ಟಿಸಿಲಿಯಂ ಎಂಬ ಇನ್ನೊಂದು ಶಿಲೀಂಧ್ರದ ಸೊರಗಿನಲ್ಲಿಯೂ ಕಂದು ಬಣ್ಣ ಬರುತ್ತದೆ, ಆದರೆ ಅಲ್ಲಿ ಅದು ಉಂಗುರಕ್ಕಿಂತ ಹೆಚ್ಚಾಗಿ ಚದುರಿದ ಚುಕ್ಕೆಗಳಂತೆ ಇರುತ್ತದೆ, ಎಲೆಯ ನರಗಳ ನಡುವಿನ ಭಾಗ ಮಾತ್ರ ಹಳದಿಗೆ ತಿರುಗಿ ನರಗಳು ಹಸಿರಾಗಿಯೇ ಉಳಿಯುವುದರಿಂದ ಎಲೆಗೆ ಹುಲಿಯ ಪಟ್ಟೆಯ ರೂಪ ಬರುತ್ತದೆ, ಮತ್ತು ತಂಪು ಹವೆಯಲ್ಲಿ ಇದು ಜೋರಾಗುತ್ತದೆ. ಎರಡನ್ನೂ ಬರಿಗಣ್ಣಿನಿಂದ ಖಚಿತವಾಗಿ ಬೇರ್ಪಡಿಸುವುದು ಸುಲಭವಲ್ಲ. ಪ್ರಯೋಗಾಲಯಕ್ಕೆ ಕಳಿಸುವುದೇ ಸರಿಯಾದ ಕ್ರಮ.

ಇನ್ನೊಂದು ಬಾಡುವಿಕೆ ಇದೆ, ಅದರಲ್ಲಿ ರೋಗಾಣುವೇ ಇಲ್ಲ. ಬಹುದಿನ ಮಳೆಯಿಲ್ಲದೆ ಒಣಗಿದ ಹೊಲಕ್ಕೆ ಒಮ್ಮೆಲೆ ಜೋರು ಮಳೆ ಬಿದ್ದು ಅಥವಾ ನೀರು ಹಾಯಿಸಿ, ಮರುದಿನ ಬಿಸಿಲು ಚುರುಗುಟ್ಟಿದರೆ, ಕಾಯಿ ತುಂಬಿ ನಿಂತ ಗಿಡಗಳು ಗಂಟೆಗಳ ಅವಧಿಯಲ್ಲಿ ಸೊಪ್ಪಿನಂತೆ ಜೋತುಬೀಳುತ್ತವೆ. ಇದನ್ನು ಪ್ಯಾರಾವಿಲ್ಟ್ ಎನ್ನುತ್ತಾರೆ. ನೀರು ಬಸಿಯದ ಎರೆಮಣ್ಣಿನಲ್ಲಿ ಬೇರಿಗೆ ಉಸಿರಾಡಲು ಗಾಳಿ ಸಿಗದಿರುವುದು ಇದರ ಮೂಲ. ಇಲ್ಲಿ ಕಾಂಡ ಸೀಳಿದರೆ ಕಂದು ಉಂಗುರವಿಲ್ಲ, ಬೇರು ಕಿತ್ತರೆ ಕೊಳೆತಿಲ್ಲ, ಬಾಡಿದ ಗಿಡಗಳು ತೇಪೆಯಾಗಿಲ್ಲದೆ ಅಲ್ಲೊಂದು ಇಲ್ಲೊಂದು ಇರುತ್ತವೆ, ಮತ್ತು ಅವುಗಳಲ್ಲಿ ಕೆಲವು ತಾವಾಗಿಯೇ ಚೇತರಿಸಿಕೊಳ್ಳುತ್ತವೆ. ನನ್ನ ಮೊದಲ ವರ್ಷದ ಗಾಬರಿಯ ಅರ್ಧ ಪಾಲು ಇದೇ ಆಗಿತ್ತು ಎಂಬುದು ನನ್ನ ಈಗಿನ ಅಂದಾಜು. ಆಗ ನಾನು ಕತ್ತರಿಸಿ ನೋಡಲಿಲ್ಲ. ಟ್ರೈಕೋಡರ್ಮಾ ಸುರಿದ ಗಿಡಗಳಲ್ಲಿ ಕೆಲವು ಎದ್ದು ನಿಂತಾಗ ಪುಡಿಯನ್ನು ಹೊಗಳಿದೆ, ಉಳಿದವು ಸತ್ತಾಗ ಬೈದೆ. ಎರಡೂ ಅನ್ಯಾಯ.

ಬೇರನ್ನು ಬಕೆಟ್ ನೀರಿನಲ್ಲಿ ಮೃದುವಾಗಿ ಅಲುಗಿಸಿ ತೊಳೆದರೆ ಇನ್ನೊಂದು ಸತ್ಯ ಹೊರಬರುತ್ತದೆ. ಬೇರಿನಲ್ಲಿ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳು ಎಂಬ ಮಣ್ಣಿನ ಸೂಕ್ಷ್ಮ ಹುಳುವಿನ, ಅಂದರೆ ಮೆಲಾಯ್ಡೋಗೈನ್ ಇನ್‌ಕಾಗ್ನಿಟಾದ, ಕೆಲಸ. ಗಂಟಿಲ್ಲದೆ, ಎಷ್ಟು ತೊಳೆದರೂ ಸಣ್ಣ ಸಣ್ಣ ಮಣ್ಣಿನ ಕಣಗಳು ಬೇರಿಗೆ ಅಂಟಿಕೊಂಡೇ ಇದ್ದರೆ ಮೂತ್ರಪಿಂಡದಾಕಾರದ ಜಂತುಹುಳುವಿನ ಮೊಟ್ಟೆಗಳ ಅಂಟನ್ನು ಸಂಶಯಿಸಬೇಕು. ಜಂತುಹುಳುವಿಗೂ ಸೊರಗಿಗೂ ಇರುವ ಗೆಳೆತನ ಹಳೆಯದು: 1892ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಜಿ. ಎಫ್. ಅಟ್ಕಿನ್ಸನ್ ಹತ್ತಿಯ ಫ್ಯೂಸೇರಿಯಂ ಸೊರಗನ್ನು ಮೊದಲ ಬಾರಿಗೆ ವಿವರಿಸಿದಾಗಲೇ ಬೇರುಗಂಟು ಇರುವಲ್ಲಿ ಸೊರಗು ಹೆಚ್ಚೆಂಬುದನ್ನು ಗುರುತಿಸಿದ್ದರು. ಆದರೆ ಎಲ್ಲ ತಳಿಯ ಫ್ಯೂಸೇರಿಯಂಗೂ ಈ ನೆರವು ಬೇಕಿಲ್ಲ. 2001ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪತ್ತೆಯಾದ, ‘ರೇಸ್ 4’ ಎಂದು ಕರೆಯುವ ಅದರ ಉಪಬಗೆ ಜಂತುಹುಳುವಿಲ್ಲದೆಯೇ ಸಸಿಗಳನ್ನು ಕೊಲ್ಲುತ್ತದೆ.

ಎರಡನೆಯ ಹಂಗಾಮಿನಲ್ಲಿ ಬೀಜೋಪಚಾರವನ್ನು ಪೂರ್ತಿ ಕೈಬಿಟ್ಟು, ಪುಡಿಯನ್ನು ಗೊಬ್ಬರದ ಮೂಲಕ ಮಣ್ಣಿಗೆ ಕೊಟ್ಟೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ನೂರು ಕಿಲೋಗೆ ಒಂದು ಕಿಲೋ ಪುಡಿ, ಒಂದು ಎಕರೆಗೆ ಇಷ್ಟು. ಗೊಬ್ಬರ ಕಳಿತಿರಬೇಕು ಎಂಬುದು ಬಾಯಿಮಾತಲ್ಲ. ಹಸಿ ಸಗಣಿಯ ರಾಶಿ ಒಳಗೆ ಕಾಯುತ್ತದೆ, ಕೈ ತೂರಿಸಿದರೆ ಸುಡುವಷ್ಟು, ಆ ಕಾವಿನಲ್ಲಿ ಟ್ರೈಕೋಡರ್ಮಾ ಉಳಿಯುವುದಿಲ್ಲ. ಮರದ ನೆರಳಿನಲ್ಲಿ ಗೊಬ್ಬರವನ್ನು ಮೊಣಕಾಲೆತ್ತರಕ್ಕೆ ಹರಡಿ, ಪುಡಿಯನ್ನು ಪದರಪದರವಾಗಿ ಉದುರಿಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟು, ಆದರೆ ಹಿಂಡಿದರೆ ನೀರು ಸೋರದಷ್ಟು, ತೇವ ಮಾಡಿ ಗೋಣಿಚೀಲ ಹೊದಿಸಿದೆ. ನಾಲ್ಕು ದಿನಕ್ಕೊಮ್ಮೆ ಮಗುಚಿದೆ. ಎರಡನೆಯ ಮಗುಚುವಿಕೆಯ ಹೊತ್ತಿಗೆ ಚೀಲ ಎತ್ತಿದಾಗ ಗೊಬ್ಬರದ ಹೆಂಟೆಗಳ ಮೇಲೆ ಹಿಂಜಿದ ಅರಳೆಯಂಥ ಬಿಳಿ ಎಳೆಗಳು ಹಬ್ಬಿದ್ದವು. ಇನ್ನೂ ಕೆಲವು ದಿನ ಕಳೆದ ಮೇಲೆ ಆ ಬಿಳುಪಿನ ನಡುವೆ ಪಾಚಿಯಂಥ ಹಸಿರು ಮೂಡಿತು. ಹದಿನೈದು ದಿನಗಳ ನಂತರ, ಬಿತ್ತನೆಯ ಸಾಲುಗಳಿಗೆ ಸಂಜೆಯ ಹೊತ್ತಿನಲ್ಲಿ ಈ ಗೊಬ್ಬರವನ್ನು ಹಾಕಿ ಮಣ್ಣು ಮುಚ್ಚಿದೆ. ಪಕ್ಕದಲ್ಲಿಯೇ ಎಂಟು ಸಾಲುಗಳನ್ನು ಏನೂ ಹಾಕದೆ ಬಿಟ್ಟೆ.

ಹೂವು ಕಾಯಿಯ ಹಂತದಲ್ಲಿ ವ್ಯತ್ಯಾಸ ಎದ್ದು ಕಂಡಿತು. ಏನೂ ಹಾಕದ ಸಾಲುಗಳಲ್ಲಿ ಬೇರು ಕೊಳೆಯ ತೇಪೆ ಸಾಲಿನಿಂದ ಸಾಲಿಗೆ ಹಬ್ಬಿತು. ಗೊಬ್ಬರ ಹಾಕಿದ ಸಾಲುಗಳ ಅಂಚಿಗೆ ಬಂದಾಗ ಕೆಲವು ಗಿಡಗಳು ಬಿದ್ದವು, ನಂತರ ತೇಪೆ ಮುಂದುವರಿಯಲಿಲ್ಲ. ಅಲ್ಲಿನ ಒಂದು ಉಳಿದ ಗಿಡವನ್ನು ಕಿತ್ತು ನೋಡಿದಾಗ ಬೇರಿನ ಸಿಪ್ಪೆ ಗಟ್ಟಿಯಾಗಿ ಅಂಟಿಕೊಂಡಿತ್ತು, ಕೆರೆದರೆ ಒಳಗೆ ಕೆನೆಬಣ್ಣದ ಕಟ್ಟಿಗೆ. ಆ ವರ್ಷ ನಾನು ಈ ಪುಡಿಯ ಬಗ್ಗೆ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ.

ಮೂರನೆಯ ವರ್ಷ ನನ್ನ ಉತ್ಸಾಹವನ್ನು ತಗ್ಗಿಸಿದ್ದು ಒಬ್ಬ ಹಿರಿಯ ಕೃಷಿಕರ ಪ್ರಶ್ನೆ. "ಅಲ್ರೀ, ಆ ಎಂಟು ಸಾಲಿಗೆ ಪುಡಿ ಹಾಕಲಿಲ್ಲ ಸರಿ, ಗೊಬ್ಬರಾನೂ ಹಾಕಲಿಲ್ಲವಲ್ಲ?" ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಹಾಗಾಗಿ ಮೂರನೆಯ ಹಂಗಾಮಿನಲ್ಲಿ ಹೋಲಿಕೆಯ ಸಾಲುಗಳಿಗೆ ಪುಡಿ ಬೆರೆಸದ, ಅದೇ ರಾಶಿಯ ಗೊಬ್ಬರವನ್ನು ಅಷ್ಟೇ ಪ್ರಮಾಣದಲ್ಲಿ ಕೊಟ್ಟೆ. ಪುಡಿ ಸೇರಿದ ಸಾಲುಗಳೇ ಮೇಲಾಗಿ ಉಳಿದವು, ಆದರೆ ಬರೀ ಗೊಬ್ಬರದ ಸಾಲುಗಳೂ ಹಿಂದಿನ ವರ್ಷದ ಬರಿಸಾಲುಗಳಿಗಿಂತ ಬಹಳ ಚೆನ್ನಾಗಿದ್ದವು, ಎರಡರ ನಡುವಿನ ಅಂತರ ಹಿಂದಿನ ವರ್ಷ ಕಂಡದ್ದಕ್ಕಿಂತ ಕಿರಿದಾಗಿತ್ತು. ಸಾವಯವ ಪದಾರ್ಥ ಮಣ್ಣಿನ ತೇವ ಹಿಡಿದಿಡುತ್ತದೆ, ಕಾವು ತಗ್ಗಿಸುತ್ತದೆ, ಮಣ್ಣಿನಲ್ಲಿ ಮೊದಲೇ ಇರುವ ಉಪಕಾರಿ ಜೀವಿಗಳಿಗೆ ಊಟ ಕೊಡುತ್ತದೆ. ಬೇರು ಕೊಳೆ ರೋಗಾಣುವಿಗೆ ಈ ಮೂರೂ ಹಿತವಲ್ಲ. ಪೊಟ್ಟಣದ ಯಶಸ್ಸಿನ ಕಥೆಗಳಲ್ಲಿ ಗೊಬ್ಬರಕ್ಕೆ ಸಲ್ಲಬೇಕಾದ ಪಾಲನ್ನು ಯಾರೂ ಹೇಳುವುದಿಲ್ಲ. ನನ್ನ ಅಂದಾಜಿನಲ್ಲಿ ಬೇರು ಕೊಳೆ ರೋಗದ ಮಟ್ಟಿಗೆ ಪುಡಿಯ ಪಾಲು ನಿಜ, ಆದರೆ ಅರ್ಧಕ್ಕಿಂತ ಹೆಚ್ಚೆಂದು ಹೇಳಲು ನನಗೆ ಧೈರ್ಯವಿಲ್ಲ.

ಇನ್ನೊಂದು ಮಿತಿಯನ್ನೂ ಹೇಳಬೇಕು. ಟ್ರೈಕೋಡರ್ಮಾಗೆ ಹಿತವಾದದ್ದು 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಸಾಕಷ್ಟು ತೇವ, ಸ್ವಲ್ಪ ಆಮ್ಲೀಯ ಮಣ್ಣು. ಮ್ಯಾಕ್ರೋಫೋಮಿನಾ ಮೆರೆಯುವುದು 35 ಡಿಗ್ರಿ ದಾಟಿದ ಒಣ ಮಣ್ಣಿನಲ್ಲಿ. ಹತ್ತಿ ಬೆಳೆಯುವ ಎರೆಮಣ್ಣು ಬಹುಪಾಲು ಕ್ಷಾರದ ಕಡೆಗೆ ವಾಲಿರುತ್ತದೆ. ಅಂದರೆ ಶತ್ರು ಹಬ್ಬ ಮಾಡುವ ದಿನಗಳಲ್ಲಿಯೇ ನಮ್ಮ ಮಿತ್ರ ಸೋತು ಮಲಗಿರುತ್ತಾನೆ. ಗೊಬ್ಬರದ ತೇವ ಮತ್ತು ತಂಪು ಇಲ್ಲದೆ ಪುಡಿಯನ್ನು ಬರಿಮಣ್ಣಿಗೆ ಎರಚುವುದು ವ್ಯರ್ಥ ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಬೇರು ಕೊಳೆ ಇರುವ ಹೊಲದಲ್ಲಿ ಹತ್ತಿಯ ಸಾಲುಗಳ ನಡುವೆ ಮಡಿಕೆ ಕಾಳಿನಂಥ, ನೆಲಕ್ಕೆ ಹಬ್ಬುವ ದ್ವಿದಳ ಬೆಳೆಯನ್ನು ಬೆಳೆಸುವ ಹಳೆಯ ಸಲಹೆಯ ಹಿಂದಿರುವುದೂ ಮಣ್ಣಿನ ಕಾವು ತಗ್ಗಿಸುವ ಇದೇ ಲೆಕ್ಕ.

ಈಗ ದೂರಿನ ಮಾತು. ಮೂರನೆಯ ಹಂಗಾಮಿಗೆ ತಂದ ಎರಡು ಪೊಟ್ಟಣಗಳಲ್ಲಿ ಒಂದು ಸತ್ತಿತ್ತು. ಅದನ್ನು ಕಂಡುಹಿಡಿದದ್ದು ಆಕಸ್ಮಿಕವಾಗಿ: ಒಂದರಿಂದ ಮಾಡಿದ ರಾಶಿಯಲ್ಲಿ ಹತ್ತು ದಿನಕ್ಕೆ ಬಿಳಿ ಎಳೆ ಹಬ್ಬಿತು, ಇನ್ನೊಂದು ರಾಶಿ ಹಾಕಿದಂತೆಯೇ ಇತ್ತು. ಎರಡರ ಮೇಲೂ ಅವಧಿ ಮುಗಿಯುವ ದಿನಾಂಕ ಇನ್ನೂ ದೂರವಿತ್ತು. ಪೊಟ್ಟಣ ಗೋದಾಮಿನಲ್ಲಿ ಕಾದಿತ್ತೋ, ಅಂಗಡಿಯ ಗಾಜಿನ ಹಿಂದೆ ಬಿಸಿಲು ಕುಡಿದಿತ್ತೋ, ತಯಾರಿಕೆಯಲ್ಲಿಯೇ ಕಣಗಳ ಸಂಖ್ಯೆ ಕಡಿಮೆಯಿತ್ತೋ ತಿಳಿಯುವ ದಾರಿ ನನಗಿರಲಿಲ್ಲ. ಅಂಗಡಿಯವರು ಬದಲಿಸಿಕೊಡಲು ಒಪ್ಪಲಿಲ್ಲ, ಪೊಟ್ಟಣದ ಮೇಲಿನ ದೂರವಾಣಿಯಲ್ಲಿ ಮಾತನಾಡಿದವರು "ಗೊಬ್ಬರದಲ್ಲೇ ದೋಷ ಇರಬಹುದು" ಎಂದರು. ಎರಡೂ ರಾಶಿಗೆ ಒಂದೇ ಗೊಬ್ಬರ ಹಾಕಿದ್ದೆ ಎಂಬ ಮಾತಿಗೆ ಮೌನವೇ ಉತ್ತರವಾಯಿತು.

ಅಂದಿನಿಂದ ಒಂದು ಸರಳ ಪರೀಕ್ಷೆಯನ್ನು ರೂಢಿಸಿಕೊಂಡಿದ್ದೇನೆ. ಕುದಿಸಿ, ನೀರು ಬಸಿದು, ಪೂರ್ತಿ ತಣಿಸಿದ ಒಂದು ಹಿಡಿ ಧಾನ್ಯವನ್ನು ಬಿಸಿನೀರಿನಲ್ಲಿ ತೊಳೆದ ಎರಡು ಗಾಜಿನ ಜಾಡಿಗಳಲ್ಲಿ ಹಾಕಿ, ಒಂದಕ್ಕೆ ಮಾತ್ರ ಚಿಟಿಕೆ ಪುಡಿ ಉದುರಿಸಿ, ಎರಡರ ಬಾಯಿಗೂ ತೆಳುಬಟ್ಟೆ ಕಟ್ಟಿ ನೆರಳಿನಲ್ಲಿ ಇಡುತ್ತೇನೆ. ಪುಡಿ ಜೀವಂತವಾಗಿದ್ದರೆ ಮೊದಲು ಬಿಳಿ, ವಾರದೊಳಗೆ ಹಸಿರು ಬೆಳವಣಿಗೆ ಆ ಜಾಡಿಯಲ್ಲಿ ದಟ್ಟವಾಗಿ ಕಾಣಬೇಕು, ಇನ್ನೊಂದು ಜಾಡಿ ಹೆಚ್ಚುಕಡಿಮೆ ಹಾಗೆಯೇ ಇರಬೇಕು. ಎರಡರಲ್ಲೂ ಬೂಸು ಬಂದರೆ ಅದು ಗಾಳಿಯಿಂದ ಬಂದ ಬೂಸು, ಪರೀಕ್ಷೆ ಲೆಕ್ಕಕ್ಕಿಲ್ಲ. ಕಣಗಳ ಸಂಖ್ಯೆಯನ್ನಾಗಲಿ ತಳಿಯನ್ನಾಗಲಿ ಇದು ಹೇಳಲಾರದು, ಆದರೆ ಸತ್ತ ಪೊಟ್ಟಣವನ್ನು ಹೊಲಕ್ಕೆ ಹಾಕುವ ಮೂರ್ಖತನದಿಂದ ತಪ್ಪಿಸುತ್ತದೆ.

ಫ್ಯೂಸೇರಿಯಂ ಸೊರಗಿನ ಮೇಲೆ ಈ ಪುಡಿಯ ಪರಿಣಾಮ ನನಗೆ ಸಾಧಾರಣವೆನಿಸಿತು. ರೋಗಾಣು ಒಮ್ಮೆ ಬೇರನ್ನು ಹೊಕ್ಕು ನಾಳಕ್ಕೆ ಏರಿದ ಮೇಲೆ ಹೊರಗಿನ ಕಾವಲು ಏನೂ ಮಾಡಲಾರದು. ಇಲ್ಲಿ ನಿಜವಾದ ಪರಿಹಾರ ನಿರೋಧಕ ತಳಿ, 1899ರಲ್ಲಿ ಅಮೆರಿಕದ ಸಸ್ಯರೋಗ ತಜ್ಞ ಡಬ್ಲ್ಯು. ಎ. ಆರ್ಟನ್ ಸೊರಗಿನಿಂದ ನಾಶವಾದ ಸೀ ಐಲೆಂಡ್ ಹತ್ತಿಯ ಹೊಲಗಳಲ್ಲಿ ಬದುಕುಳಿದ ಗಿಡಗಳಿಂದ ಬೀಜ ಆಯ್ದು ತಳಿ ಬೆಳೆಸುವ ಕೆಲಸಕ್ಕೆ ಕೈಹಾಕಿದ ಕಾಲದಿಂದಲೂ ಈ ಮಾತು ಬದಲಾಗಿಲ್ಲ. ವರ್ಟಿಸಿಲಿಯಂಗೆ ಪುಡಿಯನ್ನು ನೆಚ್ಚಿಕೊಳ್ಳಬೇಡಿ ಎನ್ನುತ್ತೇನೆ. ಅದರ ಸೂಕ್ಷ್ಮ ಗಂಟುಗಳು ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಉಳಿಯುತ್ತವೆ, ಏಕದಳ ಧಾನ್ಯಗಳೊಂದಿಗೆ ದೀರ್ಘ ಪರಿವರ್ತನೆಯೇ ಅಲ್ಲಿ ದಾರಿ. ಆದರೆ ಬೆಳೆ ಪರಿವರ್ತನೆಯೂ ರೋಗ ಗುರುತಿಸದೆ ಮಾಡುವ ಕೆಲಸವಲ್ಲ. ಬೇರುಗಂಟು ಜಂತುಹುಳುವಿಗೆ ಶೇಂಗಾ ಒಳ್ಳೆಯ ಪರಿವರ್ತನೆ, ಏಕೆಂದರೆ ಹತ್ತಿಯನ್ನು ಕಾಡುವ ಇನ್‌ಕಾಗ್ನಿಟಾ ಅದರಲ್ಲಿ ಬೆಳೆಯದು. ಮೆಕ್ಕೆಜೋಳದಲ್ಲಿ ಅದು ಸುಖವಾಗಿ ಬದುಕುತ್ತದೆ. ಮೂತ್ರಪಿಂಡದಾಕಾರದ ಜಂತುಹುಳುವಿಗಾದರೆ ಮೆಕ್ಕೆಜೋಳವೂ ಜೋಳವೂ ಸರಿ. ಅದೇ ಜೋಳವನ್ನು ಬೇರು ಕೊಳೆಯ ಹೊಲದಲ್ಲಿ ಹಾಕಿದರೆ ಮ್ಯಾಕ್ರೋಫೋಮಿನಾ ಅದಕ್ಕೂ ಇದ್ದಿಲು ಕೊಳೆ ತಂದು ತನ್ನ ಸಂತಾನ ಉಳಿಸಿಕೊಳ್ಳುತ್ತದೆ. ಐನೂರರಷ್ಟು ಸಸ್ಯಗಳನ್ನು ಬಾಧಿಸುವ ಶಿಲೀಂಧ್ರ ಅದು, ಶೇಂಗಾವನ್ನೂ ಬಿಡುವುದಿಲ್ಲ.

ಕೀಟಗಳ ವಿಷಯ ಬೇಗ ಮುಗಿಯುತ್ತದೆ. ಕೆಲವು ಪೊಟ್ಟಣಗಳ ಮೇಲೆ "ಮಣ್ಣಿನ ಸಕಲ ಬಾಧೆಗಳಿಗೆ" ಎಂಬ ಉದಾರ ಮಾತು ಇರುತ್ತದೆ. ಗೊಣ್ಣೆಹುಳು ಬೇರನ್ನು ಕಡಿದು ಹಾಕಿದ ಗಿಡಕ್ಕೂ, ಗೆದ್ದಲು ತಾಯಿಬೇರನ್ನು ಒಳಗಿನಿಂದ ತಿಂದು ಮಣ್ಣು ತುಂಬಿಸಿದ ಗಿಡಕ್ಕೂ, ಕತ್ತರಿಸುವ ಹುಳು ರಾತ್ರಿ ಬುಡದಲ್ಲಿ ಕತ್ತರಿಸಿದ ಸಸಿಗೂ ಟ್ರೈಕೋಡರ್ಮಾದಿಂದ ಏನೂ ಆಗುವುದಿಲ್ಲ. ಗೊಣ್ಣೆಹುಳುವಿಗೆ ಶಿಲೀಂಧ್ರವೇ ಬೇಕೆಂದರೆ ಮೆಟಾರೈಜಿಯಂ ಬೇರೆಯೇ ಇದೆ, ಜಂತುಹುಳುವಿನ ಮೊಟ್ಟೆಗಳಿಗೆ ಪರ್ಪ್ಯೂರಿಯೋಸಿಲಿಯಂ ಲಿಲಾಸಿನಂ ಇದೆ. ಅರೆಕೊಳೆತ ಗೊಬ್ಬರ ಗೊಣ್ಣೆಹುಳುವನ್ನೂ ಗೆದ್ದಲನ್ನೂ ಕರೆತರುತ್ತದೆ ಎಂಬುದನ್ನು ಮಾತ್ರ ಇಲ್ಲಿ ಸೇರಿಸುತ್ತೇನೆ, ಏಕೆಂದರೆ ಪುಡಿ ಬೆಳೆಸುವ ಅವಸರದಲ್ಲಿ ಸಿಕ್ಕಿದ ಗೊಬ್ಬರ ಹಾಕಿದವರು ರೋಗ ತಡೆಯಲು ಹೋಗಿ ಹುಳು ಸಾಕಿದ್ದನ್ನು ನೋಡಿದ್ದೇನೆ.

ರೋಗದ ತೇಪೆ ಸಣ್ಣದಿದ್ದು, ಬೇಸಿಗೆಯಲ್ಲಿ ಹೊಲ ಖಾಲಿಯಿದ್ದರೆ ಮಣ್ಣನ್ನು ಬಿಸಿಲಿಗೆ ಬೇಯಿಸುವ ವಿಧಾನ ಪುಡಿಗೆ ಒಳ್ಳೆಯ ಜೊತೆ. ತೇಪೆಯ ಮಣ್ಣಿಗೆ ನೀರುಣಿಸಿ, ಪಾರದರ್ಶಕ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ ನಾಲ್ಕರಿಂದ ಆರು ವಾರ ಬಿಡುವ ಈ ಕ್ರಮವನ್ನು 1976ರಲ್ಲಿ ಇಸ್ರೇಲಿನ ಕಟಾನ್ ಮತ್ತು ಸಂಗಡಿಗರು ಜಗತ್ತಿಗೆ ಪರಿಚಯಿಸಿದರು. ಬೇಯಿಸಿದ ಮಣ್ಣಿನಲ್ಲಿ ಶತ್ರು ಮಿತ್ರ ಇಬ್ಬರೂ ತಗ್ಗಿರುತ್ತಾರೆ. ಆ ಖಾಲಿ ಜಾಗಕ್ಕೆ ಮೊದಲು ಟ್ರೈಕೋಡರ್ಮಾ ಬೆರೆತ ಗೊಬ್ಬರವನ್ನು ಇಳಿಸಿದರೆ ಅದಕ್ಕೆ ಸಿಗುವ ಅನುಕೂಲ ಬೇರೆ ಸಮಯದಲ್ಲಿ ಸಿಗದು. ಇಡೀ ಹೊಲಕ್ಕೆ ಹಾಳೆ ಹೊದಿಸುವುದು ಯಾರಿಂದಲೂ ಆಗದ ಮಾತು.

ಮೂರನೆಯ ವರ್ಷವೂ ಜೋರು ಮಳೆಯ ಮರುದಿನ ಗಿಡಗಳು ಜೋತುಬಿದ್ದವು. ಈ ಬಾರಿ ಪುಡಿಯ ಚೀಲದ ಕಡೆಗೆ ಹೋಗದೆ ಚಾಕು ತೆಗೆದೆ. ಕಾಂಡದ ಒಳಗೆ ಉಂಗುರವಿರಲಿಲ್ಲ, ಬೇರು ಬಿಳಿಯಾಗಿಯೇ ಇತ್ತು. ನಿಂತ ನೀರು ಹೊರಹೋಗುವಂತೆ ಬಸಿಗಾಲುವೆ ತೆಗೆದು, ಬಾಡಿದ ಗಿಡಗಳ ಬುಡಕ್ಕೆ ಹತ್ತು ಲೀಟರ್ ನೀರಿಗೆ 25 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಮತ್ತು 200 ಗ್ರಾಂ ಯೂರಿಯಾ ಬೆರೆಸಿ ಅದೇ ದಿನ ಹೊಯ್ದೆ. ಪ್ಯಾರಾವಿಲ್ಟ್‌ಗೆ ಸಾಮಾನ್ಯವಾಗಿ ಹೇಳುವ ಉಪಚಾರ ಇದು, ಮೊದಲ ಒಂದೆರಡು ದಿನ ಕಳೆದರೆ ಇದರಿಂದಲೂ ಉಪಯೋಗವಿಲ್ಲ. ಹೆಚ್ಚಿನ ಗಿಡಗಳು ಚೇತರಿಸಿಕೊಂಡವು.

ಬೇರು ಕೊಳೆ ರೋಗದ ತೇಪೆಗಳಿರುವ ಹೊಲಕ್ಕೆ, ಕಳಿತ ಗೊಬ್ಬರ ಮತ್ತು ಹದಿನೈದು ದಿನಗಳ ತಾಳ್ಮೆ ಇರುವವರಿಗೆ, ನಾನು ಈ ಪುಡಿಗೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಗೊಬ್ಬರವಿಲ್ಲದೆ ಬಳಸುವವರಿಗೆ ಒಂದು, ಫ್ಯೂಸೇರಿಯಂ ಮಾತ್ರ ಇರುವ ಹೊಲಕ್ಕೆ ಎರಡು. ಅರ್ಧ ಅಂಕವನ್ನು ಪೊಟ್ಟಣದ ಮೇಲಿನ ಬರಹಕ್ಕಾಗಿ ಕಡಿದಿದ್ದೇನೆ, ಇನ್ನರ್ಧವನ್ನು ಆ ಸತ್ತ ಪೊಟ್ಟಣಕ್ಕಾಗಿ. ಬರುವ ಬಿತ್ತನೆಗೆಂದು ತಂದ ಹೊಸ ಪೊಟ್ಟಣದಿಂದ ಒಂದು ಚಿಟಿಕೆ ನಿನ್ನೆ ಸಂಜೆ ಜಾಡಿಗೆ ಉದುರಿಸಿದ್ದೇನೆ. ವಾರದೊಳಗೆ ಹಸಿರು ಬಂದರೆ ಅದು ಗೊಬ್ಬರದ ರಾಶಿಗೆ ಹೋಗುತ್ತದೆ, ಬಾರದಿದ್ದರೆ ಎರಡೂ ಜಾಡಿಗಳ ಸಮೇತ ಅಂಗಡಿಗೆ.